ಕಿಟಕಿಗೆ ಬಡಿದ ಗೋಣಿತಟ್ಟು

ಹೆರಿಗೆಯಾದ ಮಧುಮತಿಯನ್ನು ಮೂವತ್ತಾರು ದಿನ ಕಿಟಕಿಗೆ ಗೋಣಿತಟ್ಟು ಬಡಿದ ಖೋಲಿಯಲ್ಲಿ ಮಲಗಿಸಿ, ಮೂರು ಹೊತ್ತೂ ಬಿಳಿ ಅನ್ನಕ್ಕೆ ಬೆಳ್ಳುಳ್ಳಿ ಖಾರ ಕಲಸಿ ಕೊಟ್ಟರು. ಬೇಳೆ, ಸೊಪ್ಪು, ಮೊಟ್ಟೆ ಕೊಡಲಿಲ್ಲ. ಮೂವತ್ತೇಳನೆಯ ದಿನ ಆಕೆಗೆ ಉಸಿರು ಸಿಗಲಿಲ್ಲ.

ಇದು ಎರಡು ವರ್ಷದ ಹಿಂದೆ ಮಣ್ಣೂರಿನಲ್ಲಿ, ಅತ್ತೆ ರಮಾಬಾಯಿಯ ಮನೆಯಲ್ಲಿ ನಡೆದದ್ದು. ಅಫಜಲಪುರದ ದವಾಖಾನೆಯಲ್ಲಿ ನಿಮೋನಿಯಾ ಎಂದು ಹೇಳಿ ಕಲಬುರಗಿಗೆ ಕಳಿಸಿದರು. ಅಲ್ಲಿ ಹನ್ನೊಂದು ದಿನ ಮಷೀನು ಆಕೆಯ ಬದಲು ಉಸಿರಾಡಿತು. ರಕ್ತದಲ್ಲಿ ಡಿ ಮತ್ತು ಬಿ-ಒನ್ ವಿಟಮಿನ್ನು ತಳ ಕಂಡಿವೆ, ಮೊದಲೇ ಕಡಿಮೆಯಿದ್ದದ್ದನ್ನು ಈ ಪಥ್ಯ, ಈ ಕತ್ತಲೆ ಬರಿದು ಮಾಡಿವೆ ಎಂದರು ಅಲ್ಲಿಯ ಡಾಕ್ಟರ್ ಹಫೀಜ. ರೋಗವನ್ನು ಔಷಧ ಹೊಡೆಯುತ್ತದೆ, ಆದರೆ ತಡೆದುಕೊಳ್ಳುವ ಮೈಯಲ್ಲಿ ಏನಾದರೂ ಇರಬೇಕಲ್ಲ ಎಂದು ಕೇಳಿದರು. ರಮಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೊಸೆ ಉಳಿದು ಕೂಸಿನ ಹತ್ತಿರ ಮರಳಿದಳು. ಈಗಲೂ ಎರಡು ಕೊಡ ನೀರು ತಂದರೆ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಾಳೆ.

ಈ ಸಲ ಹೆರಿಗೆಗೆ ತವರಿಗೆ ಬಂದವಳು ರಮಾಬಾಯಿಯ ಮಗಳು ಮಹಾನಂದಾ. ಕೂಸಿನೊಂದಿಗೆ ಆಕೆ ದವಾಖಾನೆಯಿಂದ ಮನೆ ಸೇರಿದ ದಿನವೇ, ರಮಾಬಾಯಿ ಅದೇ ತಟ್ಟನ್ನು ಝಾಡಿಸಿ, ಮೊಳೆ, ಸುತ್ತಿಗೆಯ ಸಮೇತ ಸೊಸೆಯ ಮುಂದಿಟ್ಟಳು.

"ಡಾಕ್ಟರ್ ಹೇಳಿದ್ದು ನೀವೂ ಕೇಳೀರಲ್ಲರಿ, ಅತ್ತಿ."

"ಕೇಳೀನಿ. ನಿನಗ ಥಂಡಿ ಹತ್ತಿತ್ತು, ಅಷ್ಟ. ಬಾಣಂತಿ ಸೊಪ್ಪು ತಿಂದ್ರ ಕೂಸಿನ ಹೊಟ್ಟಿ ಕೆಡ್ತದ. ಇದೇ ಖೋಲ್ಯಾಗ ನಾ ಐದು ಹಡದೀನಿ."

"ಎಷ್ಟು ಉಳದಾವ್ರಿ?"

ರಮಾಬಾಯಿ ಮೊಳೆಗಳನ್ನು ಸೊಸೆಯ ಕಡೆಗೆ ಸರಿಸಿದಳು. ಉಳಿದವರು ಮಧುಮತಿಯ ಗಂಡ ದಿಲೀಪ ಮತ್ತು ಮಹಾನಂದಾ, ಇಬ್ಬರೇ.

ಹೊರಸಿನ ಮೇಲೆ ಕೂತಿದ್ದ ಮಹಾನಂದಾ ಅಣ್ಣನ ಹೆಂಡತಿಯನ್ನು ಕೆಣಕಿದಳು, "ನಮ್ಮ ವೈನಿ ಪೇಶಂಟ್ ಆಗಿ ಹೋಗಿ ಡಾಕ್ಟರ್ ಆಗಿ ಬಂದಾಳ ನೋಡ." ಹಾಗೆಂದವಳು ಮುಂದಿದ್ದ ಅನ್ನದ ತಾಟನ್ನು ಮುಟ್ಟಿರಲಿಲ್ಲ.

ಮಾತು ಕೇಳಿ ದಿಲೀಪ ಒಳಗೆ ಬಂದ. ಅವ್ವನ ಜೊತೆ ವಾದ ಬೇಡ, ನಲವತ್ತು ದಿನದ ಮಾತು, ಸುಮ್ಮನೆ ಬಡಿದುಬಿಡು ಎಂದ.

ಮಧುಮತಿ ತಟ್ಟನ್ನು ಎತ್ತಿಕೊಂಡು ಕಿಟಕಿಗೆ ಹೋದಳು. ಚೌಕಟ್ಟಿನಲ್ಲಿ ತನ್ನ ಬಾಣಂತನದ ಕಾಲದ ಮೊಳೆಗಳು ಇನ್ನೂ ಇದ್ದವು. ಸುತ್ತಿಗೆಯ ಹಿಂಬದಿಯಿಂದ ಒಂದೊಂದನ್ನೇ ಕಿತ್ತಳು. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಆಮೇಲೆ ತಟ್ಟನ್ನು ಬಿಸಿಲು ಬಿದ್ದ ನೆಲಕ್ಕೆ ಹಾಸಿ, ಒಲೆಯ ಮೇಲಿನ ಬೇಳೆ, ಮೆಂತ್ಯೆಪಲ್ಲೆ ತಂದು ಅದರ ಮುಂದಿಟ್ಟಳು.

"ಬಾ ಬೇ ಮಹಾನಂದಾ, ಇಲ್ಲಿ ಕೂತು ಉಣ್ಣು."

ಮಹಾನಂದಾ ತಾಯಿಯ ಮುಖ ನೋಡಿದಳು. ಆಮೇಲೆ ಕೂಸನ್ನು ಎತ್ತಿಕೊಂಡು ಕೆಳಗಿಳಿದಳು.

"ಮಧುಮತಿ, ತಟ್ಟು ಬಡಿ ಅಂದೆ ನಾ."

"ಬಡಿಯಂಗಿಲ್ಲರಿ."