ಕಚ್ಚಿಟ್ಟ ರೊಟ್ಟಿ

"ಎಲ್ಲವ್ನೆ ಬೊಗಳೇ ಮುದಿಮುಂಡೆ, ನಿನ್ನ ಮಗ?"

ಓಯ್ಸುಲು ತಂದೂರಿನಿಂದ ತಲೆ ಎತ್ತಲಿಲ್ಲ. ಎತ್ತಿದರೆ ರೊಟ್ಟಿ ಸೀಯುತ್ತದೆ. ಸೀದರೆ ಅದಕ್ಕೆ ಬೇರೆ ಬೈಗುಳ. ಅಂಗಳದಲ್ಲಿ ಕುದುರೆ ಕಟ್ಟಿದ್ದ ಕೆಂಪು ಪಡೆಯ ರಷ್ಯನ್ನರು ಬೆಳಗಿನಿಂದ ತಿನ್ನುತ್ತಲೇ ಇದ್ದರು. ಮೊನ್ನೆ ಗುಡ್ಡದ ಬಂಡುಕೋರರು ಇದೇ ಒಲೆಯ ಮುಂದೆ ಕೂತು ತಿಂದು, ಧರ್ಮಕ್ಕಾಗಿ ಹೋರಾಡುತ್ತಿದ್ದೇವೆಂದು ತೇಗಿದ್ದರು. ಇವರು ಬಡವರಿಗಾಗಿ ತೇಗುತ್ತಿದ್ದರು. ಹಿಟ್ಟು ಮಾತ್ರ ಎರಡು ಸಲವೂ ಅವಳದೇ.

"ಹತ್ತಿ ಬಿಡಿಸಕ್ಕೆ ಹೋಗವ್ನೆ, ಧಣಿ."

"ಈ ಚಳೀಲಿ ಯಾವ ಹತ್ತೀನೇ? ನಿಮ್ಮಪ್ಪ ಬಿತ್ತಿದ್ನಾ?"

ಬೈಯುತ್ತಿದ್ದವನು ಮಿರ್ಹಾಲಿಕ್. ಝಾರನ ಕಾಲದಲ್ಲಿ ಕಂದಾಯ ಎತ್ತುತ್ತಿದ್ದ ಜಮೀನ್ದಾರ. ಈಗ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಊರ ಸಮಿತಿಯ ಅಧ್ಯಕ್ಷ. ನಿಲುವಂಗಿ ಅದೇ, ಚಾವಟಿಯೂ ಅದೇ. ಅವಳ ಗಂಡ ಅವನ ಹತ್ತಿಹೊಲದಲ್ಲಿ ಗೇಯ್ದು ಗೇಯ್ದು ಸತ್ತಿದ್ದ. ಮಗ ತೋಖ್ತಾಸಿನ್ ಗುಡ್ಡ ಹತ್ತಿದ್ದು ಧರ್ಮಕ್ಕಾಗಿಯಲ್ಲ, ಆ ಚಾವಟಿಯ ದೆಸೆಯಿಂದ.

ಮನೆಯೊಳಗೆ ನುಗ್ಗಿದ ಮಿರ್ಹಾಲಿಕ್ ಗೋಡೆಯ ಮೊಳೆಗೆ ತೂಗಿದ್ದ ರೊಟ್ಟಿ ಕಂಡು ನಿಂತ. ಅಂಚಿನಲ್ಲಿ ಕಚ್ಚಿದ ಗುರುತು. ಉಳಿದದ್ದು ಒಣಗಿ ಕಲ್ಲು.

"ಸಿಕ್ಕಾಕೊಂಡ್ಲು ನೋಡಿ, ಸಾಹೇಬ್ರೆ!" ಎಂದು ಅಧಿಕಾರಿಯನ್ನು ಕರೆದ. "ದೂರ ಹೋಗೋನು ಒಂದು ತುತ್ತು ಕಚ್ಚಿ ಹೋಯ್ತಾನೆ. ಅವ್ನು ವಾಪಸ್ ಬಂದು ತಿನ್ನೋಗಂಟ ಉಳಿದಿದ್ದು ನೇತಾಡ್ತದೆ, ಹಾಳಾದ್ರೆ ಹೋದೋನು ಬರಲ್ಲ ಅಂತಾರೆ. ಹತ್ತಿ ಬಿಡಿಸಕ್ಕೆ ಹೋಗೋನು ಕಚ್ಚಲ್ಲ."

ಅಧಿಕಾರಿ ಆಕಳಿಸುತ್ತ ರಷ್ಯನ್ನಿನಲ್ಲಿ ಏನೋ ಅಂದ.

"ಕೇಳಿಸ್ಕೊಂಡ್ಯೇನೇ? ಮಗ ಶರಣಾಗೋಗಂಟ ನಿಂಗೆ ಫರ್ಗಾನಾ ಜೈಲು. ರೊಟ್ಟಿ ಕುದುರೆಗಂತೆ."

ಹೇಳಿದವನ ಕೈ ಮೊಳೆಯತನಕ ಹೋಗಿ ನಿಂತಿತು. ಬಂದ ಬಂದ ದೊರೆಗಳಿಗೆಲ್ಲ ಸಲಾಮು ಹೊಡೆದ ಕೈ.

"ಕೀಳಿ, ಧಣಿ," ಎಂದಳು ಓಯ್ಸುಲು. "ತಾಷ್ಕೆಂಟಿಗೆ ಓದಕ್ಕೋದ ನಿಮ್ಮ ಮಗಂದೂ ನಿಮ್ಮ ಗೋಡೆ ಮೇಲೈತಲ್ಲ. ಎರಡೂ ಹಾಕಿ. ಕುದ್ರೆ ಹೊಟ್ಟೆ ತುಂಬ ತಿನ್ಲಿ."

ಮಿರ್ಹಾಲಿಕ್ ಕೈ ಹಿಂದೆಗೆದ.

"ನಿಮ್ಮ ಕೈಲಾಗಲ್ಲ, ಸರೀರಿ."

ಕೈಯ ಹಿಟ್ಟು ಒರೆಸಿಕೊಂಡು ಅವಳೇ ರೊಟ್ಟಿ ಇಳಿಸಿದಳು. ಮಗನ ಹಲ್ಲಿನ ಗುರುತು ಬಿಟ್ಟು ಇನ್ನೊಂದು ಅಂಚಿಗೆ ಬಾಯಿ ಹಾಕಿದಳು. ಮುರಿಯಲಿಲ್ಲ. ದವಡೆಗೆ ಕೊಟ್ಟು ಕಚ್ಚಿದಳು. ತುತ್ತಿನ ಜೊತೆ ಹಲ್ಲೂ ಒಂದು ಬಂತು. ಎರಡನ್ನೂ ಬಾಯಲ್ಲಿಟ್ಟುಕೊಂಡೇ ರೊಟ್ಟಿಯನ್ನು ಮತ್ತೆ ಮೊಳೆಗೆ ತೂಗಿದಳು.

"ಏನೇ ಇದು, ಲೌಡಿ?"

"ನಾನೂ ದೂರ ಹೊಂಟಿವ್ನಲ್ಲ, ಧಣಿ."

ಹಳೇ ಬೂಟು ಮೆಟ್ಟಿಕೊಂಡು ಸಿಪಾಯಿಗಳಿಗಿಂತ ಮುಂದಾಗಿ ಅಂಗಳ ದಾಟಿದಳು. ಹಿಂದೆ ತಂದೂರಿನಲ್ಲಿ ರಷ್ಯನ್ನರ ರೊಟ್ಟಿ ಸೀಯುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.