ಹಿತ್ತಲ ಬಾಗಿಲಿನಿಂದ ಮಸ್ಕಿಗೆ

ನಮ್ಮ ಅಕ್ಕ ಶಿವಬಸಮ್ಮನಿಗೆ ಲಿಂಗಸುಗೂರಿನ ಓಣಿಯವರು ‘ಎರಡು ಬಾಗಿಲಿನಾಕಿ’ ಎಂದು ಹೆಸರಿಟ್ಟರು. ಇಟ್ಟವರಲ್ಲಿ ಅರ್ಧ ಜನ ಮಣ್ಣಾದರು, ನನ್ನ ಸಿಟ್ಟು ಮಾತ್ರ ಇನ್ನೂ ಮಣ್ಣಾಗಿಲ್ಲ. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಬೇವಿನ ಗಿಡ ಬಳಸಿ, ಸೆರಗನ್ನು ತಲೆಯ ಮೇಲೆಳೆದುಕೊಂಡು, ಕಂಕುಳಲ್ಲೊಂದು ಗಂಟು ಅವುಚಿ ಮುಂಬಾಗಿಲಿಗೆ ಬರುತ್ತಿದ್ದ ಆ ಕುಳ್ಳನೆಯ ಹೆಂಗಸಿನ ಬಿರುಸು ನಡಿಗೆಯನ್ನು ಕಂಡು ನಕ್ಕವರಿಗೆ, ಅದರ ಮೇಲೆ ಒಬ್ಬ ಗಂಡಸಿನ ಅನ್ನ ನಿಂತಿದೆ ಎಂಬ ಅರಿವಿರಲಿಲ್ಲ.

ಆಕೆಯ ಗಂಡ ಕರಿಬಸಪ್ಪ ಮಾವ ಅರಿವೆ ವ್ಯಾಪಾರಿ. ನಿಜಾಮನ ರಾಜ್ಯ ಹೋಗಿ ಮೂರ್ನಾಲ್ಕು ವರ್ಷಕ್ಕೆ ಅವರ ಹೆಜ್ಜೆ ಒದ್ದೆ ನೆಲದ ಮೇಲೆ ನಡೆಯುವವರಂತೆ ಚಿಕ್ಕದಾಯಿತು. ಮುಖ ಗಂಜಿ ಹಾಕಿದ ಬಟ್ಟೆಯಂತೆ ಬಿಗಿಯಿತು. ನಿದ್ದೆಯಲ್ಲಿ ಯಾರೊಡನೆಯೋ ಕಾದಾಡಿ ಗೋಡೆಗೆ ಗುದ್ದುವರು. ಹಗಲಲ್ಲಿ, ಅರಿವೆ ಗಂಟುಗಳ ಮೇಲೆ ಸಾಲಾಗಿ ಕುಳಿತ ಮಕ್ಕಳನ್ನು ತೋರಿಸಿ, “ಹುಡುಗ್ರಿಗೆ ಮಂಡಕ್ಕಿ ಕೊಡಬೇ” ಎನ್ನುವರು; ನಮಗೆ ಗಂಟುಗಳಷ್ಟೇ ಕಾಣುತ್ತಿದ್ದವು. ಮುಂಜಾನೆ ಇಳಕಲ್ ಸೀರೆಯ ದರವನ್ನು ಚಾಚೂ ತಪ್ಪದೆ ಹೇಳಿದ ಮನುಷ್ಯನಿಗೆ ಮಧ್ಯಾಹ್ನ ಅಂಗಿಯ ತೋಳು ಸಿಗುತ್ತಿರಲಿಲ್ಲ. ರಜಾಕಾರರ ಕಾಲದ ಹೆದರಿಕೆ ಎಂದು ಜನ ತಾಯಿತ ಕಟ್ಟಿಸಿದರು. ಸಿಂಧನೂರಿನ ಹಕೀಮರೊಬ್ಬರು ಮಾತ್ರ ನಾಡಿ ಹಿಡಿದು, “ಹೆದರಿಕಿ ಅಲ್ರೀ, ಹುಚ್ಚೂ ಅಲ್ಲ. ನನ್ನ ಕಿತಾಬಿನ್ಯಾಗ ಇದಕ್ಕ ಹೆಸರಿಲ್ಲ” ಎಂದರು.

ಇಷ್ಟನ್ನೂ ಅಕ್ಕ ಸಹಿಸಿದಳು. ಆದರೆ ಒಂದು ದಿನ ರೊಟ್ಟಿ ಬಡಿಸಿದಾಗ ಮಾವ ಕೈ ಹಿಂದೆ ತೆಗೆದರು.

“ಯವ್ವಾ, ನೀವು ಯಾರ ಮನಿಯವ್ರೋ ಏನೋ. ಥೇಟ್ ನಮ್ಮಾಕಿಗತೆ ಕಾಣ್ತೀರಿ. ಆಕಿ ಮಸ್ಕಿಗೆ ಹೋಗ್ಯಾಳ, ತವರಿಗೆ. ಬರೋತನಕ ನಾ ಉಣ್ಣಂಗಿಲ್ಲ.”

ಮರುದಿನವೂ ಉಣ್ಣಲಿಲ್ಲ. ಸುದ್ದಿ ಕೇಳಿ ಓಡಿಬಂದ ನಾನು, “ಮಾವಾ, ಇಕಿನ ನಿಮ್ಮ ಹೇಣ್ತಿ, ಕಣ್ಣು ಬಿಟ್ಟು ನೋಡ್ರಿ!” ಎಂದು ಗುಡುಗಿದೆ.

“ಬಾಯಿ ಮುಚ್ಚಲೇ ತಮ್ಮಾ,” ಎಂದಳು ಅಕ್ಕ. “ನಿನ್ನ ಖರೇ ಮಾತಿಲೆ ಅವ್ರ ಹೊಟ್ಟಿ ತುಂಬ್ತದೇನು?”

ಹಾಗೆಂದವಳೇ ಹಿತ್ತಲಿಗೆ ಹೋಗಿ, ಸುತ್ತುಹಾಕಿ ಮುಂಬಾಗಿಲಲ್ಲಿ ಗಂಟಿನೊಡನೆ ನಿಂತಳು: “ಬಂದೆ ನೋಡ್ರಿ. ಮಸ್ಕಿ ಮೋಟಾರು ತಡ ಆತು.”

“ಈಗ ಬಂದ್ಯಾ? ಹಸದು ಸಾಯಾಕತ್ತೀನಿ!” ಎಂದ ಮಾವ ಅಕ್ಕನ ಅದೇ ಕೈಯಿಂದ ಅದೇ ರೊಟ್ಟಿಯನ್ನು ಉಂಡರು.

ಅಂದಿನಿಂದ ಅದು ನಿತ್ಯದ ಪಯಣವಾಯಿತು. ನೆರೆಮನೆಯ ಗದ್ದೆಮ್ಮ, “ಏನವಾ, ದಿನಾ ತವರಿಗೆ ಹೋಗಿ ಬರ್ತಿ, ಪುಣ್ಯೇವಂತಿ!” ಎಂದು ಚುಚ್ಚಿದರೆ, ಅಕ್ಕ, “ನೀನೂ ಬಾರವಾ, ನಮ್ಮ ಹಿತ್ತಲದಾಗ ಐತಿ ಮಸ್ಕಿ” ಎನ್ನುವಳು. ನಿಜವಾದ ಮಸ್ಕಿಗೆ ಆಕೆ ಮತ್ತೆ ಕಾಲಿಡಲಾಗಲಿಲ್ಲ, ನಮ್ಮವ್ವ ತೀರಿಕೊಂಡಾಗಲೂ.

ಒಂದು ಸಂಜೆ ಉಣ್ಣುತ್ತ ಮಾವ ಮೆಲ್ಲಗೆ ಹೇಳಿದರು: “ನೀ ಇಲ್ಲದಾಗ ಒಬ್ಬಾಕಿ ಬರ್ತಾಳ. ನಾ ಎಷ್ಟು ಬೈದ್ರೂ ಮಾರಿ ಸಣ್ಣದು ಮಾಡಂಗಿಲ್ಲ. ಯಾರ ಮನಿ ಮಗಳೋ, ಬರಿಗೈಲೆ ಕಳಸಬ್ಯಾಡ. ನನ್ನ ಮುಂದ ಕುಂದ್ರಿಸಿ ಉಡಿ ತುಂಬು.” ಗೋಡೆ ಹಿಡಿದು ತಾವೇ ಅಂಗಡಿಯ ಕೋಣೆಗೆ ಹೋಗಿ, ಕುಪ್ಪಸದ ಹಸಿರು ಖಣವೊಂದನ್ನು ಆರಿಸಿ ತಂದರು.

ಅಕ್ಕನಿಗೆ ಮೊದಲು ನಗೆ ಬಂತು. ಆಮೇಲೆ ಪೇಚು ಹೊಳೆಯಿತು. ತುಂಬುವಾಕೆಯೂ ತುಂಬಿಸಿಕೊಳ್ಳುವಾಕೆಯೂ ತಾನೇ ಆಗಿರುವಾಗ ಇಬ್ಬರನ್ನೂ ಎದುರುಬದುರು ಕೂರಿಸುವುದೆಲ್ಲಿಂದ? “ನಾಳೆ ಬರ್ತಾಳ್ರೀ” ಎಂದು ದಿನ ದೂಡಿದಳು. ಮಾವನೋ, ತಮ್ಮ ಹೆಸರು ಮರೆತ ದಿನವೂ ಅದನ್ನು ಮರೆಯದೆ ಕೇಳುತ್ತಿದ್ದರು.

ಶ್ರಾವಣದಲ್ಲಿ ಬಚ್ಚಲಲ್ಲಿ ಬಿದ್ದವರು ಮೇಲೇಳಲಿಲ್ಲ. ಕೊನೆಯ ನೀರನ್ನು ಹೆಂಡತಿಯ ಕೈಯಿಂದ ಕುಡಿದರೋ, ಆ ಇನ್ನೊಬ್ಬಾಕೆಯ ಕೈಯಿಂದಲೋ, ನನಗೆ ತಿಳಿಯದು.

ಗಂಡ ಹೋದವಳಿಗೆ ಉಡಿ ತುಂಬುವಂತಿಲ್ಲ. ಶಾಸ್ತ್ರ ಸುಡಲಿ ಎಂದು ನಾನು ಕೂಗಾಡಿದ ಮೇಲೆ ನನ್ನ ಹೆಂಡತಿ ಆ ಖಣ ಹಿಡಿದು ಅಕ್ಕನ ಮುಂದೆ ಕುಳಿತಳು. ಅಕ್ಕ ಮೆತ್ತಗೆ ಅವಳ ಕೈ ಸರಿಸಿದಳು.

“ಇದು ನಂದಲ್ಲವಾ. ಅವ್ರು ಅಕಿಗಂತ ತೆಗದಿಟ್ಟಿದ್ದು.”

ಪರರ ರೋಗಿಯನ್ನು ನೋಡಿದವರನ್ನು ಲೋಕ ಹರಸುತ್ತದೆ, ತನ್ನವರನ್ನು ನೋಡಿಕೊಂಡವಳಿಗೆ ‘ಮತ್ತಿನ್ನೇನು ಮಾಡ್ತಾಳ’ ಎಂದು ಬೆನ್ನು ತಿರುಗಿಸುತ್ತದೆ. ತಾನು ಯಾರೆಂಬ ಗುರುತನ್ನೇ ಬಿಟ್ಟುಕೊಟ್ಟು ಇನ್ನೊಬ್ಬರಿಗೆ ತುತ್ತಿಡುವ ಇಂಥ ಹೆಣ್ಣುಮಕ್ಕಳು ಮನೆಮನೆಯ ಹಿತ್ತಲಲ್ಲಿದ್ದಾರೆ; ಅವರ ಋಣವನ್ನು ಒಪ್ಪಿಕೊಂಡವರು ನಾನು ಕಂಡಂತೆ ಮಾವ ಒಬ್ಬರೇ, ತೀರಿಸಲು ಅವರಿಂದಲೂ ಆಗಲಿಲ್ಲ.