ಸೊಸೆಯ ಕುರ್ಚಿ

ಸೊಸೆಯನ್ನು ಕಾಡಿದ ಅತ್ತೆಯರ ಕಥೆ ನೀವು ಬಹಳ ಕೇಳಿದ್ದೀರಿ. ನಾನು, ಪಾರಿಶ್ವಾಡದ ಸಾತವ್ವ, ಸೊಸೆಗೆ ಅತಿ ಪ್ರೀತಿ ತೋರಿಸಿಯೇ ಕೇಡು ಮಾಡಲು ಹೊರಟಿದ್ದೆ.

ನನ್ನ ಸೊಸೆ ಪ್ರಮಿಳಾ ಅಂಗನವಾಡಿ ಶಿಕ್ಷಕಿ. ಮೈಭಾರ ವಿಪರೀತ, ಜೊತೆಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಮೂರು ವರ್ಷದಿಂದ ಮಕ್ಕಳು ಚಾಪೆಯ ಮೇಲೆ, ಇವಳು ಕುರ್ಚಿಯ ಮೇಲೆ. “ಕೂಸುಗಳ ಜೋಡಿ ನೆಲಕ್ಕ ಕುಂದ್ರಬೇಕ್ರಿ ಅತ್ತಿ, ಅಷ್ಟ ಆದ್ರ ಸಾಕು” ಅನ್ನುತ್ತಿದ್ದಳು. ಕೊನೆಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ತೂಕ ಇಳಿಸಲು ಹೊಟ್ಟೆಯೊಳಗಿನ ಊಟದ ಚೀಲ ಚಿಕ್ಕದು ಮಾಡುವ ಆಪರೇಷನ್ ಆಯಿತು.

ಅದೇ ಸಂಜೆ ಫಿಸಿಯೋಥೆರಪಿಯ ಡಾಕ್ಟರು, ಬ್ರಾಹ್ಮಿ ಎಂಬವರು, ಬಂದು ಅವಳನ್ನು ಎಬ್ಬಿಸಿ ನಡೆಸಿದರು. ನನಗೆ ಸಿಟ್ಟು ನೆತ್ತಿಗೇರಿತು.

“ಅಲ್ರೀ ಬಾಯಾರ, ಹೊಟ್ಟಿ ಕೊಯ್ದ ದಿನಾನ ನಡಸಾಕತ್ತೀರಲ್ಲ, ನಿಮಗ ಕರುಳ ಐತೇನ್ರಿ?”

“ಐತಿ ಅಂತನ ನಡಸಾಕತ್ತೀನ್ರಿ ಆಯಿ. ಸುಮ್ಮನ ಮಲಗಿದ್ರ ಕಾಲಾಗ ರಕ್ತ ಹೆಪ್ಪುಗಟ್ಟೂ ಭಯ ಇರತೈತಿ. ದೀರ್ಘ ಉಸಿರು ತಗೊಳ್ಳದಿದ್ರ ಎದಿಯಾಗ ಕಫ ಕಟ್ಟತೈತಿ.”

ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳನ್ನು ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು.

ಊರಿಗೆ ಬಂದ ಮೇಲೆ ನಡೆದದ್ದು ನನ್ನ ಕಾರುಬಾರು. ಚೀಟಿಯನ್ನು ಗಾದಿಯ ಕೆಳಗೆ ಸೇರಿಸಿ, ಬಾಣಂತಿಯ ಹಾಗೆ ಸೊಸೆಯನ್ನು ಮಲಗಿಸಿದೆ. ಮಾತಾಡಿಸಲು ಓಣಿಯ ಹೆಂಗಸರೆಲ್ಲ ಬಂದರು. ಹೊರಡುವಾಗ ಅವರಿಗೆ ಕುಂಕುಮ ಕೊಡಲು ಅವಳು ಏಳಲು ನೋಡಿದರೆ, “ನೀ ಏಳಬ್ಯಾಡ, ನಾ ಅದೀನಿ” ಎಂದು ಬಟ್ಟಲು ಕಸಿದುಕೊಳ್ಳುತ್ತಿದ್ದೆ.

ತಿಂಗಳಾದ ಮೇಲೆ ತಪಾಸಣೆಗೆ ಹೋದೆವು. ತೂಕ ಹತ್ತು ಕಿಲೋ ಇಳಿದಿತ್ತು. ನಾನು ಬೀಗಿದೆ.

“ಅಕ್ಕಾರ, ಕೈ ಊರದ ಕುರ್ಚಿಯಿಂದ ಏಳ್ರಿ ನೋಡೂಣು” ಎಂದರು ಬ್ರಾಹ್ಮಿ.

ಪ್ರಮಿಳಾ ಏಳಲು ಹೋಗಿ ಅರ್ಧಕ್ಕೇ ಕುಸಿದು ಕುಳಿತಳು. ಮತ್ತೆ ಪ್ರಯತ್ನಿಸಿದಳು. ಆಗಲಿಲ್ಲ. “ಇದಕ್ಕ ಏನ್ರೀ ಹೊಟ್ಟಿ ಕೊಯ್ಸಿಕೊಂಡದ್ದು ನಾ?” ಎಂದು ಅತ್ತುಬಿಟ್ಟಳು. ಚೀಟಿ ಬಚ್ಚಿಟ್ಟದ್ದು, ಕುಂಕುಮದ ಬಟ್ಟಲು ಕಸಿದುಕೊಂಡದ್ದು ಎಲ್ಲ ನಾನು ಒಪ್ಪಿಕೊಂಡೆ.

ಬ್ರಾಹ್ಮಿ ಬೈಯಲಿಲ್ಲ. “ಕೊಬ್ಬಿನ ಜೋಡಿ ಮಾಂಸಖಂಡಾನೂ ಕರಗ್ಯಾವ್ರಿ ಆಯಿ. ವ್ಯಾಯಾಮ ಮಾಡಿದ್ರ, ಡಾಕ್ಟರ್ ಹೇಳಿದ ಊಟ ಮಾಡಿದ್ರ ಬಲ ತಿರುಗಿ ಬರತೈತಿ. ಮನಿಗೆ ಮಂದಿ ಬರ್ತಾರಲ್ಲ? ಇನ್ನ ಮ್ಯಾಲ ಕುಂಕುಮ ಅಕ್ಕಾರನ ಎದ್ದು ಕೊಡಲಿ. ಗೇಟಿನ ತನಕಾ ಕಳಿಸಿ ಬರಲಿ. ನೀವು ಬಾಜೂಕ ನಿಂದ್ರಿ, ಎತ್ತಾಕ ಮಾತ್ರ ಹೋಗಬ್ಯಾಡ್ರಿ.”

ಬಟ್ಟಲು ಸೊಸೆಯ ಕೈಗೆ ಹೋಯಿತು. ಮೊದಲ ದಿನ ನೆರೆಮನೆಯ ಭೀಮಕ್ಕನಿಗೆ ಕುಂಕುಮ ಕೊಡುವಷ್ಟರಲ್ಲಿ ಬೆವರಿದಳು. ನನ್ನ ಕೈ ಚಡಪಡಿಸಿತು, ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡೆ. ವಾರಕ್ಕೊಮ್ಮೆ ಬೆಳಗಾವಿ, ದಿನಾ ಮನೆಯಲ್ಲಿ ವ್ಯಾಯಾಮ. ಮಂದಿ ಬರದ ದಿನ ನಾನೇ ಹಿತ್ತಲಿಂದ ಸುತ್ತಿ ಬಂದು ಮುಂಬಾಗಿಲಲ್ಲಿ ಅತಿಥಿಯಾದೆ. “ಏನ್ ನಾಟಕ ರೀ ಅತ್ತಿ!” ಎಂದು ನಗುತ್ತಾ ಏಳುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ ಅಂಗನವಾಡಿಗೆ ಹೋಗಿ ನೋಡಿದೆ. ಪ್ರಮಿಳಾ ಚಾಪೆಯ ಮೇಲೆ ಮಕ್ಕಳ ನಡುವೆ ಕುಳಿತಿದ್ದಳು. ನನ್ನನ್ನು ಕಂಡು, ಯಾರ ಕೈಯನ್ನೂ ಹಿಡಿಯದೆ ಎದ್ದಳು.

“ಬರ್ರಿ ಅತ್ತಿ, ಕುರ್ಚಿ ಖಾಲಿ ಐತಿ. ಕುಂದರ್ರಿ.”

ಕುಳಿತೆ. ಕಣ್ಣು ತುಂಬಿ ಬಂತು.

ಅಕ್ಕ-ತಂಗಿಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ತೂಕ ಇಳಿಸುವ ಆಪರೇಷನ್ ಮಾಡಿಸುವುದಿದ್ದರೆ, ಫಿಸಿಯೋಥೆರಪಿಯವರನ್ನು ಮೊದಲೇ ಕೇಳಿ, ಆಮೇಲೂ ಬಿಡಬೇಡಿ. ಅವರು ಹೇಳುವ ತನಕ ಭಾರ ಎತ್ತಿಸಬೇಡಿ. ಕಾಲು ಬಾತು ನೋವಾದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಮತ್ತೆ, ಆ ಚೀಟಿಯನ್ನು ಗಾದಿಯ ಕೆಳಗೆ ಇಡಬೇಡಿ, ಗೋಡೆಗೆ ಅಂಟಿಸಿ.